ಎಡಗಾಲಿಗೆ ಏನು ಕೆಲಸ?

ಕಳೆದ ತಿಂಗಳು ಸ್ಯಾನ್ ಹೋಸೆಯಲ್ಲಿರೋ ಗೆಳೆಯನಿಂದ ಒಂದು ವಾಟ್ಸಾಪ್ ಮೆಸೇಜು ಬಂತು. "ಲೋ, ಕಡೆಗೂ ಸ್ಪೋರ್ಟ್ಸ್ ಕಾರ್ ತಗೋತಿದೀನಿ ಕಣೋ. ಮ್ಯಾನ್ಯುಯಲ್ಲಾ, ಆಟೋಮ್ಯಾಟಿಕ್ಕಾ? ಬೇಗ ಹೇಳು."

ಇವನು ಮೈಸೂರಲ್ಲಿ ಅವರಪ್ಪನ ಹಳೇ ಪ್ರೀಮಿಯರ್ ಪದ್ಮಿನಿಯಲ್ಲಿ, ಸ್ಟಿಯರಿಂಗ್ ಪಕ್ಕದ ಗೇರ್ ರಾಡಿನ ಜೊತೆ ಗುದ್ದಾಡಿ ಡ್ರೈವಿಂಗ್ ಕಲಿತವನು. ಆಮೇಲೆ ಹದಿನೈದು ವರ್ಷ ಅಮೆರಿಕದಲ್ಲಿ ಆಟೋಮ್ಯಾಟಿಕ್ ಓಡಿಸಿ, ತನಗೊಂದು ಎಡಗಾಲು ಇದೆ ಅನ್ನೋದೇ ಮರೆತಿದ್ದಾನೆ. ಹೆಂಡತಿ "ಸುಮ್ಮನೆ ಆಟೋಮ್ಯಾಟಿಕ್ ತಗೊಳ್ಳಿ" ಅಂತಾಳಂತೆ. ಆಫೀಸಿನ ಹುಡುಗರು "ಕ್ಲಚ್ ಇಲ್ಲದಿದ್ದರೆ ಅದು ಸ್ಪೋರ್ಟ್ಸ್ ಕಾರೇ ಅಲ್ಲ" ಅಂತಾರಂತೆ. ಅವನು ನೋಡಿಟ್ಟಿದ್ದ ಕಾರು ಎರಡೂ ಥರದಲ್ಲಿ ಸಿಗುತ್ತೆ. "ಮಕ್ಕಳು ಕಾಲೇಜಿಗೆ ಹೋಗೋ ಮುಂಚೆ ನನಗೋಸ್ಕರ ಅಂತ ಒಂದೇ ಸಲ ಮಾಡೋ ಖರ್ಚು ಮಾರಾಯ, ತಪ್ಪಾಗಬಾರದು."

ಆಫೀಸಿನ ಹುಡುಗರ ಮಾತು ಕೇಳಿ ನನಗೆ ನಗು ಬಂತು. ಯಾಕಂದ್ರೆ ಅಮೆರಿಕದ ಅತಿ ಹೆಸರುವಾಸಿ ಸ್ಪೋರ್ಟ್ಸ್ ಕಾರು ಹುಟ್ಟಿದ್ದೇ ಕ್ಲಚ್ ಪೆಡಲ್ ಇಲ್ಲದೆ.

1953ರ ಜನವರಿ. ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರು ಪ್ರದರ್ಶನ. ಅಲ್ಲಿ ಶೆವ್ರೊಲೆಯವರು ಬಿಳೀ ಬಣ್ಣದ, ಮೇಲ್ಚಾವಣಿಯಿಲ್ಲದ, ಫೈಬರ್‌ಗ್ಲಾಸ್ ಮೈಯಿನ ಎರಡು ಸೀಟಿನ ಕಾರೊಂದನ್ನು ನಿಲ್ಲಿಸಿದ್ದರು. ಹೆಸರು ಕೊರ್ವೆಟ್. ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅದೇ ಜೂನ್ ಕೊನೆಯಲ್ಲಿ ತಯಾರಿ ಶುರುವಾಯಿತು. ಮೊದಲ ವರ್ಷ ಬಂದದ್ದು 300 ಕಾರು, ಎಲ್ಲವೂ ಬಿಳಿ, ಒಳಗೆ ಕೆಂಪು.

ಆದರೆ ಬಾನೆಟ್ಟಿನ ಕೆಳಗೆ? ಮನೆಮಂದಿಯ ಕಾರಿನಲ್ಲಿರುತ್ತಿದ್ದ ಆರು ಸಿಲಿಂಡರಿನ ಎಂಜಿನ್ನನ್ನೇ ಸ್ವಲ್ಪ ಹುರಿಗೊಳಿಸಿ 150 ಅಶ್ವಶಕ್ತಿ ಮಾಡಿದ್ದರು. ಅದಕ್ಕೆ ಜೋಡಿಸಿದ್ದು ಪವರ್‌ಗ್ಲೈಡ್ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸು. ಬೇರೆ ಆಯ್ಕೆಯೇ ಇರಲಿಲ್ಲ. ಅದರಲ್ಲಿ ಎಷ್ಟು ಗೇರು ಗೊತ್ತಾ? ಎರಡೇ ಎರಡು!

ಆ ಕಾಲದ ಆಟೋಮ್ಯಾಟಿಕ್ ಹೇಗೆ ಕೆಲಸ ಮಾಡ್ತಿತ್ತು ಅಂತ ಸ್ವಲ್ಪ ಹೇಳಿಬಿಡ್ತೀನಿ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟಿದೀವಿ ಅಂದ್ಕೊಳ್ಳಿ. ಒಂದರ ಸ್ವಿಚ್ ಹಾಕಿದರೆ ಅದರ ಗಾಳಿಗೆ ಇನ್ನೊಂದು ತಾನಾಗೇ ತಿರುಗುತ್ತೆ. ಗಾಳಿಯ ಬದಲು ಎಣ್ಣೆ ಹಾಕಿ. ಎಂಜಿನ್ನು ಒಂದು ಚಕ್ರ ತಿರುಗಿಸುತ್ತೆ, ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗಿ ಕಾರು ಮುಂದೆ ಹೋಗುತ್ತೆ. ಇದೇ ಟಾರ್ಕ್ ಕನ್ವರ್ಟರ್. ಕ್ಲಚ್ ಬೇಕಿಲ್ಲ, ಜಗ್ಗಾಟ ಇಲ್ಲ, ಹಾಯಾಗಿರುತ್ತೆ. ಆದರೆ ಫ್ಯಾನಿನ ಗಾಳಿ ಆಚೀಚೆ ಸೋರಿಹೋಗೋ ಹಾಗೆ ಎಂಜಿನ್ನಿನ ಶಕ್ತಿಯ ಒಂದಷ್ಟು ಪಾಲು ಎಣ್ಣೆ ಕಲಕೋದರಲ್ಲೇ ಖರ್ಚಾಗಿ ಹೋಗ್ತಿತ್ತು. ಮ್ಯಾನ್ಯುಯಲ್ಲಿನಲ್ಲಿ ಹಾಗಲ್ಲ. ಕ್ಲಚ್ ಬಿಟ್ಟಮೇಲೆ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧ. ಗೇರೂ ಹೆಚ್ಚು, ಯಾವುದು ಯಾವಾಗ ಬೇಕು ಅನ್ನೋದು ನಿಮ್ಮಿಷ್ಟ. ಹಾಗಾಗಿ ಆವತ್ತು ಮ್ಯಾನ್ಯುಯಲ್ ಬೇಕು ಅಂದವರ ಹತ್ತಿರ ಗಟ್ಟಿ ಕಾರಣ ಇತ್ತು: ಅದು ನಿಜವಾಗಿಯೂ ವೇಗ.

ಕೊರ್ವೆಟ್ಟಿನ ಕಥೆ ಕೆಟ್ಟಿತು. 1954ರಲ್ಲಿ 3,640 ಕಾರು ಮಾಡಿದರು. ವರ್ಷ ಮುಗಿದಾಗ ಸುಮಾರು ಮೂರನೇ ಒಂದು ಪಾಲು ಮಾರಾಟವಾಗದೆ ನಿಂತಿತ್ತು. 1955ರಲ್ಲಿ ಮಾಡಿದ್ದು ಬರೀ 700. ಅದೇ ವರ್ಷ ಎದುರಾಳಿ ಫೋರ್ಡ್ ತನ್ನ ಥಂಡರ್‌ಬರ್ಡನ್ನು 16,000ಕ್ಕೂ ಹೆಚ್ಚು ಮಾರಿತ್ತು. ಕೊರ್ವೆಟ್ಟನ್ನು ನಿಲ್ಲಿಸಿಬಿಡೋಣ ಅನ್ನೋ ಮಾತು ಕಂಪನಿಯೊಳಗೇ ಎದ್ದಿತು.

ಇಲ್ಲಿ ಬರ್ತಾರೆ ಝೋರಾ ಆರ್ಕಸ್-ಡಂಟೋವ್. 1909ರಲ್ಲಿ ಬ್ರಸೆಲ್ಸಿನಲ್ಲಿ ರಷ್ಯನ್ ತಂದೆತಾಯಿಗೆ ಹುಟ್ಟಿ, ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ಓದಿ, ನಾಜಿಗಳ ಕಾಲದಲ್ಲಿ ಯೂರೋಪು ಬಿಟ್ಟು ಅಮೆರಿಕ ಸೇರಿದವರು. ವಾಲ್ಡಾರ್ಫಿನಲ್ಲಿ ಆ ಬಿಳೀ ಕಾರು ನೋಡಿ ಮನಸೋತು, ಶೆವ್ರೊಲೆಗೆ ಕಾಗದ ಬರೆದು ಕೆಲಸ ಗಿಟ್ಟಿಸಿಕೊಂಡರು. 1953ರ ಮೇನಲ್ಲಿ ಸೇರಿದವರು ಅದೇ ಡಿಸೆಂಬರಿನಲ್ಲಿ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ವೇಗದ ಹುಚ್ಚಿನ ಹುಡುಗರು ಆಗ ಫೋರ್ಡ್ ಎಂಜಿನ್ನಿಗೆ ಅಂಟಿಕೊಂಡಿದ್ದರು. ಅವರನ್ನು ಶೆವ್ರೊಲೆ ಕಡೆ ತಿರುಗಿಸೋದು ಹೇಗೆ ಅನ್ನೋದೇ ಅದರ ವಿಷಯ. ಹೊಸದಾಗಿ ಸೇರಿದವನು ಬಾಸುಗಳಿಗೆ ಹೀಗೆಲ್ಲ ಮೆಮೊ ಬರೆಯೋದು ನಮ್ಮ ಆಫೀಸುಗಳಲ್ಲೂ ಧೈರ್ಯದ ಕೆಲಸವೇ. ಡಂಟೋವ್ ಮಾತಿನವರಷ್ಟೇ ಅಲ್ಲ, 1954 ಮತ್ತು 1955ರಲ್ಲಿ ಫ್ರಾನ್ಸಿನ ಲ ಮಾನ್ಸ್ ರೇಸಿನಲ್ಲಿ ತಮ್ಮ ವರ್ಗದಲ್ಲಿ ಗೆದ್ದವರು. ತಮಾಷೆಯೆಂದರೆ ಗೆದ್ದದ್ದು ಪೋರ್ಷೆ ಕಾರಿನಲ್ಲಿ!

1955ರಲ್ಲಿ ಕೊರ್ವೆಟ್ಟಿಗೆ ವಿ8 ಎಂಜಿನ್ ಬಂತು. ವರ್ಷದ ಕೊನೆಗೆ ಕೆಲವು ಕಾರುಗಳಿಗೆ ಮೂರು ಗೇರಿನ ಮ್ಯಾನ್ಯುಯಲ್ಲೂ ಬಂತು. 1956ಕ್ಕೆ ಎಲ್ಲ ಉಲ್ಟಾ: ಮ್ಯಾನ್ಯುಯಲ್ಲೇ ಮಾಮೂಲು, ಆಟೋಮ್ಯಾಟಿಕ್ ಬೇಕಾದರೆ ಹೆಚ್ಚು ದುಡ್ಡು. 1957ಕ್ಕೆ ನಾಲ್ಕು ಗೇರು. 700ಕ್ಕೆ ಇಳಿದಿದ್ದ ಸಂಖ್ಯೆ ಆ ವರ್ಷ 6,339ಕ್ಕೆ ಏರಿತು. ಇದೆಲ್ಲ ಬರೀ ಗೇರಿನ ಮಹಿಮೆ ಅಂದರೆ ಸುಳ್ಳಾಗುತ್ತೆ, ವಿ8 ಎಂಜಿನ್ನಿನ ಪಾಲು ದೊಡ್ಡದು. ಆದರೆ "ಸ್ಪೋರ್ಟ್ಸ್ ಕಾರು ಅಂದರೆ ಮ್ಯಾನ್ಯುಯಲ್" ಅನ್ನೋ ನಂಬಿಕೆ ಅಮೆರಿಕದಲ್ಲಿ ಬೇರು ಬಿಟ್ಟದ್ದು ಇಂಥ ಕಾರುಗಳಿಂದಲೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಆಫೀಸಿನ ಹುಡುಗರು ಗೆದ್ದಂತೆ. ಆದರೆ ರೇಸಿನವರಿಗೆ ನಂಬಿಕೆಗಿಂತ ಗಡಿಯಾರ ಮುಖ್ಯ ನೋಡಿ. ಟೆಕ್ಸಸ್ಸಿನ ಜಿಮ್ ಹಾಲ್ ತಮ್ಮ ಚಾಪರಾಲ್ ಕಾರಿಗೆ ಜನರಲ್ ಮೋಟರ್ಸಿನ ನೆರವಿನಿಂದ ಟಾರ್ಕ್ ಕನ್ವರ್ಟರ್ ಇರೋ ಗೇರ್‌ಬಾಕ್ಸ್ ಹಾಕಿ 1965ರ ಸೆಬ್ರಿಂಗ್ 12 ಗಂಟೆ ರೇಸ್ ಗೆದ್ದರು. ಮರುವರ್ಷದ ಚಾಪರಾಲ್‌ನಲ್ಲಿ ಇನ್ನೂ ಚಂದದ ಕೆಲಸ ಮಾಡಿದರು. ಕ್ಲಚ್ ಇಲ್ಲದೆ ಎಡಗಾಲು ಖಾಲಿ ಕೂತಿತ್ತಲ್ಲ, ಅದರ ಕೆಳಗೊಂದು ಪೆಡಲ್ ಕೊಟ್ಟು, ಕಾರಿನ ಹಿಂದೆ ಎತ್ತರಕ್ಕೆ ನಿಂತ ರೆಕ್ಕೆಯನ್ನು ಮೇಲೆ ಕೆಳಗೆ ವಾಲಿಸೋ ಹಾಗೆ ಮಾಡಿದರು! ಎಡಗಾಲಿಗೆ ಕ್ಲಚ್ಚಿಗಿಂತ ಒಳ್ಳೆ ಕೆಲಸ ಸಿಕ್ಕಿತ್ತು. 1967ರಲ್ಲಿ ಪೋರ್ಷೆ ಕೂಡ ಕ್ಲಚ್ ಪೆಡಲ್ ಇಲ್ಲದ ಸ್ಪೋರ್ಟೊಮ್ಯಾಟಿಕ್ ಹಾಕಿದ 911 ಆರ್ ಕಾರಿನಲ್ಲಿ ನ್ಯೂರ್ಬರ್ಗ್‌ರಿಂಗಿನ 84 ಗಂಟೆಗಳ ಸ್ಪರ್ಧೆ ಗೆದ್ದಿತು. ಎಂಬತ್ನಾಲ್ಕು ಗಂಟೆ! ಅಷ್ಟು ಹೊತ್ತು ಕ್ಲಚ್ ತುಳಿಯೋದು ತಪ್ಪಿದರೆ ಯಾರು ತಾನೇ ಬೇಡ ಅಂತಾರೆ? "911 ಆರ್" ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ನಿಜವಾದ ತಿರುವು ಎಂಬತ್ತರ ದಶಕದ್ದು. ಪೋರ್ಷೆ ತನ್ನ ರೇಸ್ ಕಾರುಗಳಲ್ಲಿ ಪಿಡಿಕೆ ಅನ್ನೋ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಪ್ರಯೋಗ ಮಾಡಿತು. ಉಪಾಯ ಸರಳ. 1, 3, 5ನೇ ಗೇರಿಗೆ ಒಂದು ಕ್ಲಚ್, 2, 4ಕ್ಕೆ ಇನ್ನೊಂದು. ಎರಡನೇ ಗೇರಿನಲ್ಲಿ ಓಡ್ತಿರುವಾಗಲೇ ಮೂರನೆಯದು ರೆಡಿಯಾಗಿ ಕಾದು ಕೂತಿರುತ್ತೆ. ಒಂದು ಕ್ಲಚ್ ಬಿಡುವಾಗಲೇ ಇನ್ನೊಂದು ಹಿಡಿಯುತ್ತೆ. ನಡುವೆ ಎಂಜಿನ್ನಿನ ಎಳೆತ ಕಡಿಯೋದೇ ಇಲ್ಲ. ಎಣ್ಣೆ ಕಲಕೋ ನಷ್ಟವೂ ಇಲ್ಲ. 1986ರಲ್ಲಿ ಇಟಲಿಯ ಮೊಂಜಾದಲ್ಲಿ ಪಿಡಿಕೆ ಇದ್ದ ಪೋರ್ಷೆ 962 ಗೆದ್ದಿತು. 1989ರಲ್ಲಿ ಫೆರಾರಿಯವರು ಇನ್ನೊಂದು ದಾರಿ ಹಿಡಿದರು. ಸ್ಟಿಯರಿಂಗ್ ಹಿಂದಿನ ಎರಡು ಪ್ಯಾಡಲ್ ಒತ್ತಿ ಗೇರ್ ಬದಲಿಸೋ ಫಾರ್ಮುಲಾ ಒನ್ ಕಾರು ಮಾಡಿದರು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕೈಕೊಟ್ಟಿದ್ದ ಕಾರು. ಅರ್ಧದಲ್ಲೇ ನಿಂತುಹೋಗುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ದರೆ, ಬ್ರೆಜಿಲ್‌ನ ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಅದರಲ್ಲಿ ಗೆದ್ದುಬಿಟ್ಟರು.

ಆಮೇಲೆ ರೇಸಿನದ್ದು ರಸ್ತೆಗೆ ಬಂತು. 1997ರಲ್ಲಿ ಫೆರಾರಿ ಎಫ್355ಕ್ಕೆ ಪ್ಯಾಡಲ್, 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫಿಗೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್, 2008ರಲ್ಲಿ ರಸ್ತೆಯ 911ಕ್ಕೂ ಪಿಡಿಕೆ. ಡಂಟೋವ್ ಕಾಲದ ಗಟ್ಟಿ ಕಾರಣ ಇಲ್ಲಿಗೆ ಮುರಿದು ಬಿತ್ತು. ಮ್ಯಾನ್ಯುಯಲ್ ಈಗ ನಿಧಾನ. ಅದೂ ಕಾಲು, ಕೈ ಎಷ್ಟೇ ಚುರುಕಿದ್ದರೂ.

ಪೋರ್ಷೆ ಇದನ್ನು ಲೆಕ್ಕಾಚಾರದವರ ಹಾಗೆ ಅರ್ಥ ಮಾಡಿಕೊಂಡಿತು. 2013ರಲ್ಲಿ ಬಂದ ಹೊಸ 911 ಜಿಟಿ3, ಅಂದರೆ ರೇಸ್ ಟ್ರ್ಯಾಕಿಗೆ ಅತಿ ಹತ್ತಿರದ 911, ಪಿಡಿಕೆಯಲ್ಲಿ ಮಾತ್ರ ಸಿಗುತ್ತಿತ್ತು. ವೇಗ ತಾನೇ ನಿಮಗೆ ಬೇಕಾದ್ದು? ತಗೊಳ್ಳಿ ವೇಗ. ಆದರೆ ಹಳೇ ಅಭಿಮಾನಿಗಳು ಮುನಿಸಿಕೊಂಡರು. ಅವರಿಗೆ ಬೇಕಾದ್ದು ಬರೀ ವೇಗ ಆಗಿರಲೇ ಇಲ್ಲ! ಇಷ್ಟು ವರ್ಷ ವೇಗದ ಹೆಸರು ಹೇಳ್ತಿದ್ದರು ಅಷ್ಟೆ.

2016ರಲ್ಲಿ ಪೋರ್ಷೆ 911 ಆರ್ ಅನ್ನೋ ಹಳೇ ಹೆಸರು ಹೊರತೆಗೆಯಿತು. 500 ಅಶ್ವಶಕ್ತಿ, ಆರು ಗೇರಿನ ಮ್ಯಾನ್ಯುಯಲ್ ಮಾತ್ರ, ಒಟ್ಟು 991 ಕಾರು. ಕ್ಲಚ್ ಪೆಡಲ್ ಇಲ್ಲದೆ ಗೆದ್ದ ಕಾರಿನ ಹೆಸರು ಕ್ಲಚ್ ಪ್ರಿಯರ ಕಾರಿಗೆ! ಎಲ್ಲ ಖರ್ಚಾಯಿತು, ಕೈ ಬದಲಿಸಿದ ಕಾರುಗಳ ಬೆಲೆ ಶೋರೂಮ್ ಬೆಲೆಯ ಎಷ್ಟೋ ಪಟ್ಟು ಏರಿತು. ಮರುವರ್ಷ ಜಿಟಿ3ಗೂ ಮ್ಯಾನ್ಯುಯಲ್ ವಾಪಸ್ ಬಂತು. ಆ ಕಾರಿನ ಲೆಕ್ಕ ನೋಡಿ: ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟೋಕೆ ಪಿಡಿಕೆಗೆ 3.4 ಸೆಕೆಂಡ್, ಮ್ಯಾನ್ಯುಯಲ್ಲಿಗೆ 3.9. ಅರ್ಧ ಸೆಕೆಂಡ್ ತಡ ಅಂತ ಕಂಪನಿಯೇ ಬರೆದು ಕೊಟ್ಟಿದೆ. ಗೊತ್ತಿದ್ದೇ ಜನ ತಗೊಂಡರು.

ಹಾಗಾದರೆ ಕೊರ್ವೆಟ್ ಏನಾಯಿತು? ಎಂಜಿನ್ನನ್ನು ಮುಂದಿನಿಂದ ತೆಗೆದು ಡ್ರೈವರ್ ಬೆನ್ನ ಹಿಂದೆ ಇಡಬೇಕು ಅನ್ನೋದು ಡಂಟೋವ್ ಕನಸು. ಅದಕ್ಕಾಗಿ ಮಾದರಿಗಳನ್ನೂ ಮಾಡಿದ್ದರು. ಕಂಪನಿ ಒಪ್ಪಲಿಲ್ಲ. ಅವರು ನಿವೃತ್ತರಾದರು, 1996ರಲ್ಲಿ ತೀರಿಕೊಂಡರು. ಕೆಂಟಕಿಯ ಕೊರ್ವೆಟ್ ಮ್ಯೂಸಿಯಮ್ಮಿನಲ್ಲಿ ಅವರ ಅಸ್ಥಿ ಇದೆ. ಕನಸು ನನಸಾದದ್ದು 2019ರ ಜುಲೈನಲ್ಲಿ, ಎಂಟನೇ ತಲೆಮಾರಿನ ಕೊರ್ವೆಟ್ ಬಂದಾಗ. ಎಂಜಿನ್ ಬೆನ್ನ ಹಿಂದೆ, ಎಂಟು ಗೇರು, ಎರಡು ಕ್ಲಚ್ಚು. ಮ್ಯಾನ್ಯುಯಲ್ ಮಾತ್ರ ಇಲ್ಲ. 1953ರ ಹಾಗೆಯೇ ಕೊಳ್ಳುವವರಿಗೆ ಮತ್ತೆ ಬೇರೆ ಆಯ್ಕೆ ಇಲ್ಲ! ಒಂದೇ ವ್ಯತ್ಯಾಸ ಏನಂದ್ರೆ, ಆವತ್ತು ಆಟೋಮ್ಯಾಟಿಕ್ ಅಂತ ಜನ ಮೂಗು ಮುರಿದರು. ಈಗ ಗಂಟೆಗೆ 60 ಮೈಲಿ ಮುಟ್ಟೋಕೆ ಮೂರು ಸೆಕೆಂಡೂ ಬೇಡ ಅನ್ನೋ ಕಾರಿಗೆ ಸಾಲುಗಟ್ಟಿ ನಿಂತರು.

ಹಿಂದಿನ ತಲೆಮಾರಿನ ಕೊರ್ವೆಟ್ಟಿನಲ್ಲಿ ಏಳು ಗೇರಿನ ಮ್ಯಾನ್ಯುಯಲ್ ಇತ್ತು. ಆದರೆ ವರ್ಷದಿಂದ ವರ್ಷಕ್ಕೆ ಅದನ್ನು ಕೇಳುವವರು ಕಡಿಮೆಯಾಗ್ತಾ ಬಂದರು. ಅಷ್ಟು ಕಡಿಮೆ ಜನಕ್ಕೋಸ್ಕರ ಹೊಸ ಗೇರ್‌ಬಾಕ್ಸ್ ಮಾಡಿಸಿ, ಕಾರಿನ ನಡುವಿನ ಗಟ್ಟಿ ಬೆನ್ನೆಲುಬಿನಲ್ಲಿ ಗೇರ್ ರಾಡಿಗೆ ತೂತು ಕೊರೆಯೋದು ಎಂಜಿನಿಯರುಗಳಿಗೆ ಸರಿ ಕಾಣಲಿಲ್ಲ. ಇದು ಕಂಪನಿಯ ದ್ರೋಹ ಅಂತ ಬೈದವರು ಬೇಕಾದಷ್ಟು ಜನ. ಬೈದವರಲ್ಲಿ ಎಷ್ಟು ಜನ ಶೋರೂಮಿಗೆ ಹೋಗಿ ಮ್ಯಾನ್ಯುಯಲ್ ತಗೊಂಡಿದ್ದರು? ಬಾಯಲ್ಲಿ ಮ್ಯಾನ್ಯುಯಲ್, ಬಿಲ್ಲಲ್ಲಿ ಆಟೋಮ್ಯಾಟಿಕ್. ನಮ್ಮ ಕಡೆ ಕನ್ನಡ ಸಿನಿಮಾ ಉಳೀಬೇಕು ಅಂತ ಸ್ಟೇಟಸ್ ಹಾಕಿ ಟಿಕೆಟ್ ಮಾತ್ರ ಬೇರೆ ಭಾಷೆಯದ್ದು ತಗೋತೀವಲ್ಲ, ಹಾಗೆ.

ಇಷ್ಟನ್ನೂ ಒಂದು ರಾತ್ರಿ ಕೂತು ಗೆಳೆಯನಿಗೆ ಬರೆದೆ. ಕೊನೆಗೆ ಹೇಳಿದ್ದು ಇಷ್ಟು: ವೇಗ ಬೇಕಿದ್ದರೆ ಕಣ್ಣುಮುಚ್ಚಿ ಆಟೋಮ್ಯಾಟಿಕ್ ತಗೋ, ಅದರಲ್ಲಿ ನಾಚಿಕೆ ಏನಿಲ್ಲ. ಸೆಬ್ರಿಂಗಿನಲ್ಲಿ, ಮೊಂಜಾದಲ್ಲಿ ಗೆದ್ದವರಿಗೇ ಇಲ್ಲದ ನಾಚಿಕೆ ನಿನಗ್ಯಾಕೆ? ಮ್ಯಾನ್ಯುಯಲ್ ಬೇಕಿದ್ದರೆ ಅದನ್ನೂ ತಗೋ, ಆದರೆ "ಇದೇ ಫಾಸ್ಟು" ಅಂತ ಯಾರಿಗೂ ಹೇಳಬೇಡ, ನಿನಗೆ ನೀನೂ ಹೇಳ್ಕೋಬೇಡ. ಯಂತ್ರ ಚೆನ್ನಾಗಿ ಮಾಡೋ ಕೆಲಸವನ್ನ ನಾನೇ ಮಾಡ್ತೀನಿ, ಅರ್ಧ ಸೆಕೆಂಡ್ ತಡ ಆದರೂ ಸರಿ, ಅದು ನನಗೆ ಖುಷಿ ಅಂತ ಹೇಳು. ಅಷ್ಟು ಕಾರಣ ಸಾಕು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ನಾಳೆ ಈ ಕೆಲಸವನ್ನೂ ಯಂತ್ರವೇ ಮಾಡುತ್ತಾ ಅಂತ ಯೋಚಿಸೋ ನಮ್ಮಂಥವರಿಗೆ ಅದು ಸಣ್ಣ ಕಾರಣ ಏನಲ್ಲ.

ಇನ್ನೊಂದು ಮಾತೂ ಸೇರಿಸಿದೆ. ಎರಡೂ ಕಾರುಗಳ ಟೆಸ್ಟ್ ಡ್ರೈವ್ ಕೇಳು, ಭಾನುವಾರ ಬೆಳಿಗ್ಗೆ ಖಾಲಿ ಬೆಟ್ಟದ ರಸ್ತೆಯಲ್ಲಿ ಒಂದು ಸಲ, ಶುಕ್ರವಾರ ಸಂಜೆ ಆರು ಗಂಟೆಗೆ ಹೈವೇ ಟ್ರಾಫಿಕ್ಕಿನಲ್ಲಿ ಇನ್ನೊಂದು ಸಲ. ನಿನ್ನ ವಾರದಲ್ಲಿ ಭಾನುವಾರದ ಬೆಳಿಗ್ಗೆಗಳು ಎಷ್ಟಿವೆ ಅಂತ ಎಣಿಸು.

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು: "ಶುಕ್ರವಾರದ್ದು ಮುಗೀತು. ಎಡಗಾಲು ನೋಯ್ತಿದೆ. ನಗು ಮಾತ್ರ ನಿಲ್ತಿಲ್ಲ. ಭಾನುವಾರ ಬರಲಿ, ಹೇಳ್ತೀನಿ."