ಚಿಕ್ಕಲ್ಲೂರಿನ ಬಿಡಾರ: ಕಮಾನು ಗಾಡಿಯಿಂದ ಪಿಕಪ್‌ವರೆಗೆ

ಪಿಕಪ್ ಬೆನ್ನ ಮೇಲೆ ಮಡಚೋ ಮನೆ ಹೊತ್ಕೊಂಡು ತಿರುಗೋರ ರೀಲ್ಸ್ ನೋಡಿ "ನಮ್ಗೂ ಒಂದಿದ್ರೆ!" ಅಂದ್ಕೊಂಡ್ರಾ? ನಮ್ಮ ಕಡೆ ಅದು ಹೊಸದೇನಲ್ಲ ಕಣ್ರಪ್ಪ.

ಚಿಕ್ಕಲ್ಲೂರಲ್ಲಿ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿ ಜಾತ್ರೆ ಶುರು. ಚಂದ್ರಮಂಡಲದಿಂದ ಮುತ್ತತ್ತಿರಾಯನ ಸೇವೆವರೆಗೆ 5 ದಿನ. ಒಕ್ಕಲಿನವರು ಗಾಡಿ ಕಟ್ಕೊಂಡು ಬರೋರು. ಬಿದಿರ ದಬ್ಬೆ ಬಗ್ಗಿಸಿ ಚಾಪೆ ಹೊದಿಸಿದ್ರೆ ಕಮಾನು. ಎತ್ತು ಬಿಚ್ಚಿದ್ರೆ ಅದೇ ಮನೆ, ಪಕ್ಕದಲ್ಲಿ ಮೂರು ಕಲ್ಲಿನ ಒಲೆ.

ಕಮಾನು ಯಾಕೆ ಅಷ್ಟು ಹಗುರ? ಎಳೆಯೋದು ಎತ್ತು, ಅದಕ್ಕೆ. ಹಿಂದೆ ಭಾರ ಜಾಸ್ತಿಯಾದ್ರೆ ನೊಗ ಮೇಲೇಳುತ್ತೆ. ಮುಂದೆ ಜಾಸ್ತಿಯಾದ್ರೆ ಎತ್ತಿನ ಹೆಗಲು ಹುಣ್ಣಾಗುತ್ತೆ.

2005ರಲ್ಲಿ ಟಾಟಾ ಏಸ್ ಬಂತು. ಮೊದಲ ಮಾದರಿ ಹೊರೋ ತೂಕ 750 ಕೆಜಿ. ಟಾರ್ಪಾಲು ಕಟ್ಟಿದ್ರೆ ಅದೂ ಬಿಡಾರವೇ. ಆದ್ರೆ ಲೆಕ್ಕ ಅಜ್ಜಂದೇ. ಮನೆ ಕಟ್ಟೋ ಮುಂಚೆ ಗಾಡಿ ಎಷ್ಟು ಹೊರುತ್ತೆ ನೋಡಿ: 100 ಲೀಟರ್ ನೀರೇ 100 ಕೆಜಿ. ಭಾರ ಹಿಂದಿನ ಆಕ್ಸಲ್ ದಾಟಿ ಬಿದ್ರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ಕಮ್ಮಿಯಾಗುತ್ತೆ. ಓಡುವಾಗ ಸೂರು ತಗ್ಗಿರಲಿ, ನಿಂತ ಮೇಲೆ ಎತ್ತಿ. ಮಾದಪ್ಪನ ಬೆಟ್ಟದ ತಿರುವಲ್ಲಿ ಎತ್ತರದ ಗಾಡಿ ಬೇಗ ವಾಲುತ್ತೆ.

ಕೊನೇ ಮಾತು, ಇದೇ ಮುಖ್ಯ: ಸರಕು ಗಾಡಿ ಹಿಂದೆ ಜನ ಕೂರೋದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಸಂಚಕಾರ. ಬಿಡಾರ ಪಿಕಪ್ಪಲ್ಲಿ ಹೋಗ್ಲಿ, ಅಜ್ಜಿ ಬಸ್ಸಲ್ಲಿ ಬರ್ಲಿ.

ನಿಮ್ಮನೇಲಿ ಗಾಡಿಗೆ ಕಮಾನು ಕಟ್ತಿದ್ದೋರು ಯಾರು? ಹಿರಿಯರನ್ನ ಕೇಳಿ ಕಾಮೆಂಟಲ್ಲಿ ಹೇಳಿ.

#ಕೊಳ್ಳೇಗಾಲ #ಚಿಕ್ಕಲ್ಲೂರುಜಾತ್ರೆ #ನಮ್ಮೂರಇತಿಹಾಸ