ಕಾಶಿಯ ಸೇವಾಶ್ರಮದ ಮೊದಲ ಸೇವಕರು

ನಮ್ಮ ನಾಡಿನ ಮದುವೆಯ ಮನೆಗಳಲ್ಲಿ ವರನು ಕೊಡೆಯನ್ನು ಹಿಡಿದು, ಪಾದರಕ್ಷೆಗಳನ್ನು ಮೆಟ್ಟಿ, ಕಾಶಿಗೆ ಹೊರಟಂತೆ ಅಭಿನಯಿಸುವುದನ್ನೂ, ಅವನು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕನ್ಯೆಯ ತಂದೆ ಅಡ್ಡ ಬಂದು ಮಗಳನ್ನು ಕೊಡುವೆನೆಂದು ಒಪ್ಪಿಸಿ ಹಿಂದಕ್ಕೆ ಕರೆತರುವುದನ್ನೂ ಕಂಡು ನಗದವರಿಲ್ಲ. ಆದರೆ ಯಾರೂ ತಡೆಯದೆ ನಿಜವಾಗಿಯೂ ಕಾಶಿಯನ್ನು ತಲುಪಿದವರು, ಅದರಲ್ಲಿಯೂ ಮುಪ್ಪಿನಲ್ಲಿ ಏಕಾಕಿಗಳಾಗಿ ಹೋದವರು, ಅಲ್ಲಿ ಯಾವ ಪಾಡುಪಟ್ಟರೆಂಬುದನ್ನು ಆ ನಗುವಿನ ನಡುವೆ ನೆನೆದವರು ವಿರಳ.

ಹಿಂದಿನವರಿಗೆ ಕಾಶೀಯಾತ್ರೆಯೆಂದರೆ ಮನೆಮಾರುಗಳ ವ್ಯವಸ್ಥೆಯನ್ನು ಮಾಡಿ, ಬಂಧುಗಳಿಂದ ಕಡೆಯ ಸಲದ ಬೀಳ್ಕೊಡುಗೆಯನ್ನು ಪಡೆದು ಹೊರಡುವ ಪ್ರಯಾಣವಾಗಿತ್ತು. ಉಗಿಬಂಡಿಯು ಬಂದು, 1887ರಲ್ಲಿ ರಾಜಘಾಟದ ಬಳಿ ಗಂಗೆಯ ಮೇಲೆ ಡಫರಿನ್ ಸೇತುವೆಯು ಸಿದ್ಧವಾದ ಮೇಲೆ ಪ್ರಯಾಣವು ಸುಗಮವಾಯಿತೇ ಹೊರತು ಪ್ರಯಾಣದ ಉದ್ದೇಶವು ಬದಲಾಗಲಿಲ್ಲ. ಆ ಕ್ಷೇತ್ರದಲ್ಲಿ ದೇಹವನ್ನು ಬಿಟ್ಟವನಿಗೆ ಪುನರ್ಜನ್ಮವಿಲ್ಲವೆಂಬ ಶ್ರದ್ಧೆಯಿಂದ, ಬದುಕುವುದಕ್ಕಲ್ಲ, ಸಾಯುವುದಕ್ಕಾಗಿಯೇ ಬರುವ ವೃದ್ಧರ, ವಿಧವೆಯರ, ರೋಗಿಗಳ ಸಂಖ್ಯೆಯು ಮೊದಲಿಗಿಂತಲೂ ಹೆಚ್ಚಿತು. ಮೃತ್ಯುವಾದರೋ ಯಾರ ಅನುಕೂಲವನ್ನೂ ನೋಡಿ ಬರುವುದಲ್ಲ. ಕೈಯಲ್ಲಿದ್ದ ಹಣವು ಮುಗಿದರೂ ಅದು ಬಾರದಿರಬಹುದು. ಅದಕ್ಕೆ ಬದಲಾಗಿ ಅತಿಸಾರವೋ ವಿಷಮಜ್ವರವೋ ಬಂದು ಹಾಸಿಗೆ ಹಿಡಿಸಬಹುದು. ಆಗ ಬಾಡಿಗೆಗೆ ಕೋಣೆಯನ್ನು ಕೊಟ್ಟವನು ಮನೆಯೊಳಗೆ ಹೆಣ ಬೀಳುವುದೆಂಬ ಭಯದಿಂದ, ಸೂತಕದ ಅಂಜಿಕೆಯಿಂದ, ಶವಸಂಸ್ಕಾರದ ಖರ್ಚು ತನ್ನ ತಲೆಯ ಮೇಲೆ ಬೀಳುವುದೆಂಬ ಲೆಕ್ಕಾಚಾರದಿಂದ, ಆ ರೋಗಿಯನ್ನು ಗಲ್ಲಿಯ ಅಂಚಿನಲ್ಲಿಯೋ ಘಾಟಿನ ಮೆಟ್ಟಿಲ ಮೇಲೆಯೋ ಬಿಟ್ಟುಬರುವನು. ಇಂಥ ದೃಶ್ಯವು ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಶಿಯಲ್ಲಿ ಅಪರೂಪದ್ದಾಗಿರಲಿಲ್ಲ.

ಹಾಗೆಂದು ಕಾಶಿಯಲ್ಲಿ ದಾನಧರ್ಮಗಳಿರಲಿಲ್ಲವೆಂದು ಭಾವಿಸಲಾಗದು. ಅರಸರೂ ಜಮೀನ್ದಾರರೂ ನಡೆಸುತ್ತಿದ್ದ ಅನ್ನಛತ್ರಗಳು, ದಕ್ಷಿಣದಿಂದ ಬರುವವರಿಗಾಗಿ ನಾಟುಕೋಟೆ ಚೆಟ್ಟಿಯಾರರು ಕಟ್ಟಿಸಿದ ಛತ್ರ, ನಮ್ಮವರಿಗೆ ಬಹುಕಾಲದಿಂದ ಪರಿಚಿತವಾದ ಜಂಗಮವಾಡಿಯ ವೀರಶೈವ ಮಠ, ಹೀಗೆ ಧರ್ಮಸಂಸ್ಥೆಗಳು ಆ ನಗರದಲ್ಲಿ ಎಷ್ಟೋ ಇದ್ದವು. ಆದರೆ ಆ ದಾನಗಳಲ್ಲಿ ಬಹುಪಾಲು ಕುಳಿತ ಸ್ಥಳದಿಂದ ಏಳದ ದಾನಗಳು. ಎಲೆಯ ಮುಂದೆ ಬಂದು ಕುಳಿತವನಿಗೆ ಅನ್ನವುಂಟು; ಎಲೆಯವರೆಗೆ ನಡೆದುಬರಲಾರದವನಿಗೆ ಏನೂ ಇಲ್ಲ. ಕೆಲವು ಛತ್ರಗಳಲ್ಲಿ ಕುಲಗೋತ್ರಗಳ ವಿಚಾರಣೆಯೂ ನಡೆಯುತ್ತಿತ್ತೆಂಬ ಮಾತು ಬೇರೆಯಿರಲಿ. ನಾನು ಇಲ್ಲಿ ಹೇಳಹೊರಟಿರುವ ಸೇವಕರು ಕಾಶಿಗೆ ಹೊಸದಾಗಿ ತಂದದ್ದು ಹಣವನ್ನಲ್ಲ, ಅದು ಅವರಲ್ಲಿ ಇರಲೂ ಇಲ್ಲ. ಅವರು ತಂದದ್ದು ಕೈಕಾಲುಗಳನ್ನು.

ಇದಕ್ಕೆ ಒಂದು ಪೂರ್ವಪೀಠಿಕೆಯು ಕಲಕತ್ತೆಯಲ್ಲಿ ನಡೆದಿತ್ತು. 1899ರಲ್ಲಿ ಆ ನಗರದಲ್ಲಿ ಪ್ಲೇಗು ತಲೆದೋರಿದಾಗ ರಾಮಕೃಷ್ಣ ಸಂಘದವರು ಸ್ವಾಮಿ ಸದಾನಂದರನ್ನೂ ಸೋದರಿ ನಿವೇದಿತೆಯನ್ನೂ ಮುಂದಿಟ್ಟುಕೊಂಡು ಬಾಗಬಜಾರಿನ ಕೊಳೆಗೇರಿಗಳನ್ನು ಶುಚಿಗೊಳಿಸುವ ಕಾರ್ಯವನ್ನು ಕೈಗೊಂಡರು. ಐರ್ಲೆಂಡಿನಲ್ಲಿ ಹುಟ್ಟಿದ ಆ ಮಹಿಳೆಯು ಒಂದು ದಿನ ತಾನೇ ಪೊರಕೆಯನ್ನು ಹಿಡಿದು ಬೀದಿಯನ್ನು ಗುಡಿಸತೊಡಗಿದುದನ್ನು ಕಂಡು, ಅಲ್ಲಿಯವರೆಗೆ ಜಗುಲಿಯ ಮೇಲೆ ನಿಂತು ನೋಡುತ್ತಿದ್ದ ಓಣಿಯ ತರುಣರು ನಾಚಿ ಪೊರಕೆಗಳನ್ನು ಕೈಗೆತ್ತಿಕೊಂಡರಂತೆ. ವಿದ್ಯಾರ್ಥಿಗಳ ಕರ್ತವ್ಯವನ್ನು ಕುರಿತು ಆಕೆ ಕ್ಲಾಸಿಕ್ ನಾಟಕಶಾಲೆಯಲ್ಲಿ ಮಾಡಿದ ಭಾಷಣದ ಕೊನೆಗೆ ಹೆಸರನ್ನು ಕೊಟ್ಟವರು ಹದಿನೈದು ಮಂದಿ. ಅಷ್ಟು ದೊಡ್ಡ ನಗರಕ್ಕೆ ಹದಿನೈದೆಂದರೆ ಅತ್ಯಲ್ಪವೆಂದು ತೋರಬಹುದು. ಆದರೆ ಪ್ಲೇಗಿನ ಹೆಸರನ್ನು ಕೇಳಿದೊಡನೆ ಊರಿಗೆ ಊರೇ ಗುಳೆ ಹೋಗುತ್ತಿದ್ದ ಆ ಕಾಲವನ್ನು ಮೈಸೂರು ಬೆಂಗಳೂರುಗಳ ಹಿರಿಯರಿಂದ ಕೇಳಿ ಬಲ್ಲವರು ಆ ಸಂಖ್ಯೆಯನ್ನು ಹಗುರವಾಗಿ ಕಾಣಲಾರರು.

ಕಾಶಿಯಲ್ಲಿದ್ದ ಕೆಲವು ಬಂಗಾಳಿ ತರುಣರು ಇದೇ ಸಂಘದ 'ಉದ್ಬೋಧನ' ಪತ್ರಿಕೆಯನ್ನು ತರಿಸಿ ಒಟ್ಟಿಗೆ ಕುಳಿತು ಓದುತ್ತಿದ್ದರು. ಅವರಲ್ಲಿ ಮೂವರ ಹೆಸರುಗಳು ಮುಖ್ಯವಾದುವು: ಯಾಮಿನೀರಂಜನ ಮಜುಮ್‌ದಾರ, ಚಾರುಚಂದ್ರ ದಾಸ, ಕೇದಾರನಾಥ ಮೌಲಿಕ. ಜೀವರಲ್ಲಿಯೇ ಶಿವನನ್ನು ಕಾಣಬೇಕೆಂಬ ವಿವೇಕಾನಂದರ ಬೋಧೆಯನ್ನು ಓದಿ ತಲೆದೂಗಿದವರು ದೇಶದಲ್ಲಿ ಎಷ್ಟೋ ಮಂದಿ ಇದ್ದರು. ಓದಿದ್ದು ಬೀದಿಯಲ್ಲಿ ಎದುರಾದಾಗ ಗುರುತು ಹಿಡಿದವರು ಇವರು. 1900ನೆಯ ಇಸವಿಯ ಜೂನ್ 13ರಂದು ಯಾಮಿನೀರಂಜನನು ಗಂಗಾಸ್ನಾನವನ್ನು ಮಾಡಿ ಬರುತ್ತಿರುವಾಗ, ಯಾರೋ ಬೀದಿಗೆ ಹಾಕಿಹೋಗಿದ್ದ ಒಬ್ಬ ಮುದುಕಿಯು ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿರುವುದನ್ನು ಕಂಡನು. ಅವನ ಬಳಿ ಕಾಸಿರಲಿಲ್ಲ. ಅಲ್ಲಿಯೇ ಹೋಗುತ್ತಿದ್ದ ಒಬ್ಬ ಗೃಹಸ್ಥನನ್ನು ಬೇಡಿ ನಾಲ್ಕಾಣೆಯನ್ನು ಪಡೆದು, ಬಿಸಿಹಾಲನ್ನು ಕೊಂಡು ಆಕೆಗೆ ಕುಡಿಸಿದನು, ಮೈಯನ್ನು ತೊಳೆದನು, ಅನಂತರ ಗೆಳೆಯರನ್ನು ಕೂಡಿಸಿ ಆಕೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುವಂತೆ ಏರ್ಪಡಿಸಿ, ಅದರ ವೆಚ್ಚಕ್ಕಾಗಿ ಮನೆಮನೆಗೆ ಹೋಗಿ ಕೈಯೊಡ್ಡಿದನು. ಕಾಶಿಯ ರಾಮಕೃಷ್ಣ ಸೇವಾಶ್ರಮದ ಮೂಲಧನವು ಆ ನಾಲ್ಕಾಣೆಯೇ.

ಒಂದು ದಿನದ ಕರುಣೆಯು ಯಾರಲ್ಲಿಯಾದರೂ ಉಕ್ಕೀತು. ಅದನ್ನು ಮಾರನೆಯ ದಿನವೂ, ಅದರ ಮಾರನೆಯ ದಿನವೂ ನಡೆಸುವುದೇ ಕಷ್ಟ. ಆ ತರುಣರು ಕೆಲಸವನ್ನು ಹಂಚಿಕೊಂಡರು. ಗಲ್ಲಿಗಳಲ್ಲಿ ತಿರುಗಿ ಬಿದ್ದವರನ್ನು ಹುಡುಕುವುದು, ಎತ್ತಿ ತರುವುದು, ಚಂದಾ ಎತ್ತುವುದು, ಪಥ್ಯದ ಅನ್ನವನ್ನು ಬೇಯಿಸುವುದು, ಧರ್ಮಾರ್ಥವಾಗಿ ನೋಡಬಲ್ಲ ವೈದ್ಯರನ್ನು ಕರೆತರುವುದು, ರಾತ್ರಿ ಎಚ್ಚರವಿರುವುದು, ಸತ್ತವರನ್ನು ಮಣಿಕರ್ಣಿಕೆಗೋ ಹರಿಶ್ಚಂದ್ರ ಘಾಟಿಗೋ ಹೊತ್ತೊಯ್ಯುವುದು, ಇವೆಲ್ಲವೂ ಅವರ ಪಾಲಿನ ಕೆಲಸಗಳೇ. ಕಾಶಿಯ ಓಣಿಗಳನ್ನು ಕಂಡವರಿಗೆ ಇದರ ಶ್ರಮವು ತಿಳಿದೀತು: ಗಾಡಿಯು ನುಗ್ಗಲಾರದ ಇಕ್ಕಟ್ಟು, ಹಸಿಯಾರದ ಕಲ್ಲುಹಾಸು, ಎದುರಿಗೆ ಬಂದ ಗೂಳಿಗೆ ದಾರಿ ಬಿಟ್ಟು ಗೋಡೆಗೊರಗಿ ನಿಲ್ಲಬೇಕಾದ ತಿರುವುಗಳು. ಅಂಥಲ್ಲಿ ಭೇದಿಯಿಂದ ಬಸವಳಿದ, ಮುಟ್ಟಿದರೆ ಮೈಲಿಗೆಯೆಂದು ಊರೆಲ್ಲ ದೂರ ಸರಿಯುವ ದೇಹವನ್ನು ತೋಳುಗಳಲ್ಲಿ ಎತ್ತಿ ತರುವುದು ಪುಣ್ಯಕಾರ್ಯಕ್ಕಿಂತ ಮೊದಲು ರಟ್ಟೆಯ ಕೆಲಸ. ಮೊದಲ ಬಾಡಿಗೆಯ ಮನೆಯು ದೊರೆತದ್ದು ಜಂಗಮವಾಡಿಯ ಬಡಾವಣೆಯಲ್ಲಿ, ಎಂದರೆ ನಮ್ಮ ಮಠದಿಂದಲೇ ಹೆಸರನ್ನು ಪಡೆದ ಕೇರಿಯಲ್ಲಿ, ಎಂಬುದನ್ನು ಕನ್ನಡಿಗನಾದ ನಾನು ಸ್ವಲ್ಪ ಅಭಿಮಾನದಿಂದಲೇ ಬರೆಯುತ್ತಿರುವೆನು. ಅಲ್ಲಿಂದ ದಶಾಶ್ವಮೇಧಕ್ಕೆ, ಅಲ್ಲಿಂದ ರಾಮಾಪುರಕ್ಕೆ, ಹೀಗೆ ರೋಗಿಗಳೊಡನೆ ಮನೆಯಿಂದ ಮನೆಗೆ ಅವರು ಅಲೆಯಬೇಕಾಯಿತು.

1902ರ ಫೆಬ್ರವರಿಯಲ್ಲಿ, ತಮ್ಮ ದೇಹಾವಸಾನಕ್ಕೆ ಕೆಲವೇ ತಿಂಗಳುಗಳ ಮುಂಚೆ, ವಿವೇಕಾನಂದರು ಅಸ್ವಸ್ಥರಾಗಿ ಕಾಶಿಗೆ ಬಂದರು. ತರುಣರು ತಮ್ಮ ಸಂಘಕ್ಕೆ ದೀನರಿಗೆ ಪರಿಹಾರವನ್ನು ನೀಡುವ ಸಂಸ್ಥೆಯೆಂಬ ಅರ್ಥದ ಹೆಸರನ್ನು ಇಟ್ಟಿದ್ದರು. ಪರಿಹಾರವನ್ನು ಕೊಡಲು ನೀವಾರು, ನಿಮಗಿರುವುದು ಸೇವೆಯ ಅಧಿಕಾರ ಮಾತ್ರವೆಂಬ ಅಭಿಪ್ರಾಯವನ್ನು ತಿಳಿಸಿ ಅವರು ಅದಕ್ಕೆ ಸೇವಾಶ್ರಮವೆಂದು ಹೆಸರಿಟ್ಟರು. ಸಾರ್ವಜನಿಕರ ನೆರವನ್ನು ಕೋರುವ ಒಂದು ವಿಜ್ಞಾಪನೆಯನ್ನೂ ತಾವೇ ಬರೆದುಕೊಟ್ಟರು. ಆ ವರ್ಷದ ನವೆಂಬರಿನಲ್ಲಿ ಸಂಸ್ಥೆಯು ರಾಮಕೃಷ್ಣ ಮಿಷನ್ನಿಗೆ ಸೇರಿತು. ಲಕ್ಸಾದಲ್ಲಿ ಕೊಂಡ ನಿವೇಶನಕ್ಕೆ 1908ರಲ್ಲಿ ಸ್ವಾಮಿ ಬ್ರಹ್ಮಾನಂದರು ಶಿಲಾನ್ಯಾಸವನ್ನು ಮಾಡಿದರು. 1910ರಲ್ಲಿ ಸ್ವಂತ ಕಟ್ಟಡಗಳ ಪ್ರವೇಶವಾಯಿತು. ಚಾರುಚಂದ್ರನು ಮುಂದೆ ಸ್ವಾಮಿ ಶುಭಾನಂದರಾದರು. ಕೇದಾರನಾಥನು ಸ್ವಾಮಿ ಅಚಲಾನಂದರಾಗಿ, ಕೇದಾರಬಾಬಾ ಎಂಬ ಹೆಸರಿನಿಂದ ಬಹುಕಾಲ ಪೂಜ್ಯರಾಗಿದ್ದರು.

ವಾರ್ಡುಗಳೂ ಔಷಧಾಲಯವೂ ಕ್ರಮವಾಗಿ ಬೆಳೆದು, ವೇತನವನ್ನು ಪಡೆಯುವ ವೈದ್ಯರೂ ದಾದಿಯರೂ ಬಂದ ಮೇಲೆ ಹಿಂದಿನ ನಿಷ್ಕಾಮಸೇವೆಯು ಕುಂದಿತೆಂದು ಹಲಬುವವರುಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಪ್ರೀತಿಯಿಂದ ಹಾಲು ಕುಡಿಸಬಹುದು. ಪ್ರೀತಿಯೊಂದರಿಂದಲೇ ಕೊಳೆತ ಕಾಲನ್ನು ಕತ್ತರಿಸಲಾಗದು. ಹೊತ್ತು ತರುವವನು ಎಷ್ಟು ಬೇಕೋ ವಿದ್ಯೆಯುಳ್ಳವನೂ ಅಷ್ಟೇ ಬೇಕು, ಅವನ ಮನೆಯವರೂ ಉಣ್ಣಬೇಕು. ಆದರೆ ಕ್ರಮವನ್ನು ಮರೆಯಬಾರದು: ಇಲ್ಲಿ ಕಟ್ಟಡವು ಸೇವಕರನ್ನು ಕರೆಯಲಿಲ್ಲ, ಸೇವಕರು ಕಟ್ಟಡವನ್ನು ಕರೆದರು. ಕೊಡಗಿನ ಪೊನ್ನಂಪೇಟೆಯಲ್ಲಿ ರಾಮಕೃಷ್ಣ ಶಾರದಾಶ್ರಮಕ್ಕೆ ಹೊಂದಿಕೊಂಡು ಆಸ್ಪತ್ರೆಯು ನಡೆಯುತ್ತಿರುವುದನ್ನು ನೋಡಿದವರು ಅದರ ವಂಶವೃಕ್ಷದ ಬೇರು ಎಲ್ಲಿದೆಯೆಂಬುದನ್ನು ಊಹಿಸಬಹುದು.

ಕಾಶಿಯಲ್ಲಿ ಯಾತ್ರಿಕರ ಪಾಡು ಹೀಗಿದ್ದರೆ, ಹರಿದ್ವಾರ ಹೃಷೀಕೇಶಗಳಲ್ಲಿ ಸಾಧುಗಳ ಪಾಡು ಇನ್ನೂ ಕಷ್ಟತರವಾಗಿತ್ತು. ಸರ್ವಸಂಗಪರಿತ್ಯಾಗಿಗೆ ಜ್ವರ ಬಂದರೆ ಗಂಜಿ ಕಾಯಿಸುವವರು ಯಾರು? 1901ರಲ್ಲಿ ಸ್ವಾಮಿ ಕಲ್ಯಾಣಾನಂದರು ಹರಿದ್ವಾರದ ಪಕ್ಕದ ಕನಖಲದಲ್ಲಿ ಒಂದು ಸೇವಾಶ್ರಮವನ್ನು ಆರಂಭಿಸಿದರು. ಕೆಲಕಾಲದ ಮೇಲೆ ಅವರ ಜೊತೆಗೂಡಿದವರು ಸ್ವಾಮಿ ನಿಶ್ಚಯಾನಂದರು, ಮಹಾರಾಷ್ಟ್ರದವರು, ಪೂರ್ವಾಶ್ರಮದಲ್ಲಿ ಸೈನಿಕರು. ದಂಡಿನ ನಡಿಗೆಯು ಇಲ್ಲಿ ಉಪಯೋಗಕ್ಕೆ ಬಂದಿತು: ಔಷಧಿಯ ಪೆಟ್ಟಿಗೆಯನ್ನು ಹೊತ್ತು ಹದಿನೈದು ಮೈಲಿಗೂ ಮಿಕ್ಕ ಕಾಡುದಾರಿಯಲ್ಲಿ ನಡೆದು ಹೃಷೀಕೇಶದ ಕುಟೀರಗಳಲ್ಲಿದ್ದ ರೋಗಿಗಳನ್ನು ಅವರು ನೋಡಿಬರುತ್ತಿದ್ದರು. ಇಬ್ಬರೇ ವೈದ್ಯರು, ಇಬ್ಬರೇ ದಾದಿಯರು, ಇಬ್ಬರೇ ಝಾಡಮಾಲಿಗಳು. ಜಾತಿಯನ್ನು ಕೇಳದೆ ಎಲ್ಲರ ಮಲಮೂತ್ರಗಳನ್ನೂ ಸ್ವಹಸ್ತದಿಂದ ಎತ್ತುವ ಈ ಕಾವಿಧಾರಿಗಳನ್ನು ಅಲ್ಲಿಯ ಸಂಪ್ರದಾಯಸ್ಥ ಸಾಧುಗಳು 'ಭಂಗಿ ಸಾಧು'ಗಳೆಂದು, ಎಂದರೆ ಝಾಡಮಾಲಿ ಸಾಧುಗಳೆಂದು ಹಳಿದು, ಭಂಡಾರದ, ಎಂದರೆ ಸಾಧುಗಳ ಸಾಮೂಹಿಕ ಭೋಜನದ, ಪಂಕ್ತಿಗೆ ಸೇರಿಸದೆ ಹೊರಗಿಟ್ಟಿದ್ದರು. ಹೃಷೀಕೇಶದ ಕೈಲಾಸಾಶ್ರಮದ ಮಹಂತರಾದ ಧನರಾಜಗಿರಿಗಳು, ವಿವೇಕಾನಂದರನ್ನು ಬಲ್ಲವರು, ಒಮ್ಮೆ ಅಂಥ ಒಂದು ಭಂಡಾರಕ್ಕೆ ಬಂದಾಗ ಇವರಿಬ್ಬರನ್ನು ಕಾಣದೆ ವಿಚಾರಿಸಿ, ಅವರನ್ನು ಕರೆಯಿಸಿ ಆದರಿಸಿದ ಮೇಲೆಯೇ ಈ ಬಹಿಷ್ಕಾರವು ಮುಗಿಯಿತು. ಸೇವೆಯನ್ನು ಪಡೆಯುವುದಕ್ಕೆ ಅಡ್ಡಿಯಾಗದ ಮಡಿಯು ಸೇವಕನೊಡನೆ ಉಣ್ಣುವುದಕ್ಕೆ ಅಡ್ಡಿಯಾಗುವುದು ನಮ್ಮ ದೇಶಕ್ಕೆ ಹೊಸದಲ್ಲವಾದುದರಿಂದ ಇದನ್ನು ಹಿಗ್ಗಿಸಿ ಬರೆಯಬೇಕಾದುದಿಲ್ಲ.

ಹೊರಗಿನವರ ಆಕ್ಷೇಪಕ್ಕಿಂತ ಒಳಗಿನವರ ಸಂದೇಹವು ಸೂಕ್ಷ್ಮವಾದುದು. ಶ್ರೀರಾಮಕೃಷ್ಣರ ಭಕ್ತರಲ್ಲಿಯೇ ಕೆಲವರಿಗೆ ಆಸ್ಪತ್ರೆಯನ್ನು ನಡೆಸುವುದು ಲೌಕಿಕದ ಜಂಜಾಟವೆಂದೂ, ಭಗವಂತನನ್ನು ಸಾಕ್ಷಾತ್ಕರಿಸಿಕೊಂಡ ಮೇಲಲ್ಲದೆ ಪರರ ಸೇವೆಯ ಮಾತನ್ನಾಡುವುದು ಗುರುಬೋಧೆಗೆ ಒಪ್ಪುವುದಿಲ್ಲವೆಂದೂ ಅನ್ನಿಸುತ್ತಿತ್ತು. ಹೀಗೆ ಭಾವಿಸಿದ್ದವರಲ್ಲಿ ಮಹೇಂದ್ರನಾಥ ಗುಪ್ತರೂ ಒಬ್ಬರು. ಕನ್ನಡದಲ್ಲಿ 'ವಚನವೇದ'ವೆಂದು ನಾವು ಓದುವ ಸಂಭಾಷಣೆಗಳನ್ನು ದಿನಚರಿಯಲ್ಲಿ ಬರೆದಿಟ್ಟವರೇ ಅವರಾದುದರಿಂದ ಆ ಅಭಿಪ್ರಾಯಕ್ಕೆ ತೂಕವಿತ್ತು. 1912ರ ನವೆಂಬರ್ 8ರಂದು ಶ್ರೀರಾಮಕೃಷ್ಣರ ಪತ್ನಿ ಶ್ರೀಮಾತೆ ಶಾರದಾದೇವಿಯವರು ಡೋಲಿಯಲ್ಲಿ ಲಕ್ಸಾದ ಸೇವಾಶ್ರಮಕ್ಕೆ ಬಂದರು. ಕೇದಾರಬಾಬಾ ಅವರಿಗೆ ವಾರ್ಡುಗಳನ್ನೂ ತೋಟವನ್ನೂ ಸುತ್ತಿ ತೋರಿಸಿದರು. ಎಲ್ಲವನ್ನೂ ನೋಡಿ ಕುಳಿತ ಮೇಲೆ ಆಕೆ ಈ ಸಂಸ್ಥೆಯಲ್ಲಿ ಸಾಕ್ಷಾತ್ ಠಾಕೂರರೇ, ಎಂದರೆ ಶ್ರೀರಾಮಕೃಷ್ಣರೇ, ಇರುವರೆಂದು ಹೇಳಿ, ಇದು ಹೇಗೆ ಆರಂಭವಾಯಿತು, ಯಾರ ಮನಸ್ಸಿಗೆ ಮೊದಲು ಹೊಳೆಯಿತು ಎಂದು ವಿಚಾರಿಸಿದರು. ಬಿಡಾರಕ್ಕೆ ಹಿಂದಿರುಗಿ ಹತ್ತು ರೂಪಾಯಿಯ ಒಂದು ನೋಟನ್ನು ಕಾಣಿಕೆಯಾಗಿ ಕಳುಹಿಸಿದರು. ಸೇವಾಶ್ರಮದವರು ಅದನ್ನು ವೆಚ್ಚಮಾಡದೆ ಕಾಪಾಡಿಕೊಂಡು ಬಂದಿರುವರು.

ಮಹೇಂದ್ರನಾಥರು ಆಗ ಕಾಶಿಯಲ್ಲಿಯೇ ಇದ್ದರು. ವಿನೋದಪ್ರಿಯರಾದ ಬ್ರಹ್ಮಾನಂದರು ಈ ಅವಕಾಶವನ್ನು ಬಿಡುವರೆ? ಅವರು ಕೆಲವು ಭಕ್ತರನ್ನೂ ಬ್ರಹ್ಮಚಾರಿಗಳನ್ನೂ ಮಹೇಂದ್ರನಾಥರ ಬಳಿಗೆ ಕಳುಹಿಸಿ, ಸೇವಾಶ್ರಮದಲ್ಲಿ ಠಾಕೂರರೇ ಇರುವರೆಂದು ತಾಯಿಯವರು ಹೇಳಿರುವರಲ್ಲ, ಈಗ ತಾವೇನು ಹೇಳುವಿರಿ ಎಂದು ಕೇಳಿಸಿದರು. ಇನ್ನು ಅಲ್ಲಗಳೆಯುವ ದಾರಿಯೇ ಉಳಿಯಲಿಲ್ಲವೆಂದು ಮಹೇಂದ್ರನಾಥರು ನಕ್ಕುಬಿಟ್ಟರು.