ಎರಡು ಬ್ರೇಕುಗಳ ನಡುವಿನ ಆ ಒಂದು ಕ್ಷಣ

ಹೋದ ತಿಂಗಳು ಪುಣೆಯಿಂದ ಮುಂಬೈಗೆ ಸ್ನೇಹಿತರೊಬ್ಬರ ಹೈಬ್ರಿಡ್ ಕಾರಿನಲ್ಲಿ ಹೋಗ್ತಾ ಇದ್ದೆ. ಖಂಡಾಲಾ ದಾಟಿ ಘಾಟ್ ಇಳಿಯುವಾಗ, ಅರ್ಧ ದಾರಿಯಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಕೂಗೋಕೆ ಶುರುವಾಯ್ತು. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ! ಸ್ನೇಹಿತರ ಮುಖ ಬಿಳಿಚಿಕೊಂಡಿತು. "ಬ್ರೇಕ್ ಹೋಯ್ತೇನ್ರೀ?" ಅಂದರು.

ಬ್ರೇಕ್ ಹೋಗಿರಲಿಲ್ಲ. ಕಾರು ತನ್ನ ಕೆಲಸ ಸರಿಯಾಗೇ ಮಾಡ್ತಿತ್ತು. ಆದರೆ ಅದು ಏನು ಮಾಡ್ತಿದೆ ಅನ್ನೋದು ಓಡಿಸುವವರಿಗೇ ಗೊತ್ತಿರಲಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದರೆ ಪ್ಯಾಡ್ ಹೋಗಿ ಡಿಸ್ಕನ್ನು ಹಿಡಿಯುತ್ತೆ, ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಹೈಬ್ರಿಡ್‌ನಲ್ಲಿ ಹಾಗಲ್ಲ. ಚಕ್ರ ತಿರುಗಿಸುವ ಮೋಟರೇ ಉಲ್ಟಾ ಕೆಲಸ ಮಾಡಿ ಜನರೇಟರ್ ಆಗುತ್ತೆ, ಕರೆಂಟು ಬ್ಯಾಟರಿಗೆ ಸೇರುತ್ತೆ. ಇದೇ ರೀಜನರೇಟಿವ್ ಬ್ರೇಕಿಂಗ್. ಜೊತೆಗೆ ಎಣ್ಣೆಯ ಒತ್ತಡದ ಮಾಮೂಲಿ ಬ್ರೇಕೂ ಇರುತ್ತೆ. ಪೆಡಲ್ ಒಂದೇ, ಬ್ರೇಕು ಎರಡು. ಯಾವುದು ಎಷ್ಟು ಹಿಡಿಯಬೇಕು ಅಂತ ಕ್ಷಣಕ್ಷಣಕ್ಕೂ ಕಂಪ್ಯೂಟರ್ ತೀರ್ಮಾನಿಸುತ್ತೆ.

ಇದು ಹೊಸ ಐಡಿಯಾ ಅಂದುಕೊಂಡಿದ್ರೆ ತಪ್ಪು. 1903ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಜಾನ್ ರಾವರ್ತ್ ಅನ್ನುವವರು ಟ್ರಾಮ್‌ಗಳಿಗೆ ಇದನ್ನು ತಂದಿದ್ದರು. ಇಳಿಜಾರಿನಲ್ಲಿ ಟ್ರಾಮಿನ ಮೋಟರು ಜನರೇಟರ್ ಆಗಿ ಗಾಡಿಯನ್ನು ಹಿಡಿದಿಡುತ್ತಿತ್ತು, ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತಿತ್ತು. ಇದು ಕೈಕೊಟ್ಟರೆ ಇರಲಿ ಅಂತ ಚಕ್ರದ ಬ್ರೇಕು, ಹಳಿಯನ್ನು ಉಜ್ಜಿ ನಿಲ್ಲಿಸುವ ಬ್ರೇಕು ಬೇರೆ. ಆದರೂ ರಾಟನ್‌ಸ್ಟಾಲ್ ಎಂಬ ಊರಿನಲ್ಲಿ ಒಂದು ದೊಡ್ಡ ಟ್ರಾಮ್ ಅಪಘಾತ ಆಯ್ತು. 1911ರಲ್ಲಿ ಈ ಪದ್ಧತಿಯ ಮೇಲೇ ನಿರ್ಬಂಧ ಬಿತ್ತು. ಮತ್ತೆ ಅದು ಟ್ರಾಮಿಗೆ ಬರೋಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಈಗ ನೀವು ದಿನಾ ಕೂರುವ ದೆಹಲಿ ಮೆಟ್ರೋದಲ್ಲಿ, ಮುಂಬೈನ ಹೊಸ ಲೋಕಲ್ ರೇಕುಗಳಲ್ಲಿ ಇರೋದೂ ಇದೇ ತತ್ವ. ಆದರೆ ರೈಲಿಗೆ ಒಂದು ಅನುಕೂಲ ಇದೆ. ಉಳಿದ ಕರೆಂಟನ್ನು ಲೈನಿಗೆ ಕೊಟ್ಟರೆ ಪಕ್ಕದ ರೈಲು ಬಳಸಿಕೊಳ್ಳುತ್ತೆ. ಕಾರಿಗೆ ಪಕ್ಕದವರಿಲ್ಲ, ಇರೋದು ತನ್ನದೊಂದು ಪುಟ್ಟ ಬ್ಯಾಟರಿ. ರಸ್ತೆ ಬೇರೆ ಹಳಿಯಷ್ಟು ಸಪಾಟಾಗಿಲ್ಲ.

1997ರ ಡಿಸೆಂಬರ್‌ನಲ್ಲಿ ಟೊಯೋಟಾ ಕಂಪನಿ ಜಪಾನಿನಲ್ಲಿ ಪ್ರಿಯಸ್ ಮಾರಾಟಕ್ಕೆ ತಂದಿತು. 2009ರಲ್ಲಿ ಮೂರನೇ ತಲೆಮಾರಿನ ಪ್ರಿಯಸ್ ಬಂತು. ಅದರ ಬ್ರೇಕ್ ಪೆಡಲ್ ಮಾಮೂಲಿ ಸಮಯದಲ್ಲಿ ಚಕ್ರದ ಬ್ರೇಕಿಗೆ ನೇರವಾಗಿ ಎಣ್ಣೆ ತಳ್ಳೋದಿಲ್ಲ. ನೀವು ಎಷ್ಟು ಒತ್ತಿದಿರಿ ಅಂತ ಸೆನ್ಸರ್ ಓದುತ್ತೆ, ಪಂಪು ಒತ್ತಡ ತಯಾರು ಮಾಡುತ್ತೆ, ವಾಲ್ವುಗಳು ಹಂಚುತ್ತವೆ. ಕಾಲಿಗೆ ಸಿಗುವ ಆ ಗಟ್ಟಿತನ ಕೂಡ ಒಂದು ಸ್ಪ್ರಿಂಗ್ ಕೊಡುವ ಅನುಭವ. ವ್ಯವಸ್ಥೆ ಕೆಟ್ಟರೆ ಮಾತ್ರ ಪೆಡಲಿನಿಂದ ಚಕ್ರಕ್ಕೆ ನೇರ ದಾರಿ ತೆರೆದುಕೊಳ್ಳುತ್ತೆ. ಆಗ ತುಂಬಾ ಬಲವಾಗಿ ಒತ್ತಬೇಕು.

ಕೆಲವೇ ತಿಂಗಳಲ್ಲಿ ದೂರುಗಳು ಶುರುವಾದವು. ಗುಂಡಿ ಮೇಲೋ, ಹಿಮದ ಮೇಲೋ ನಿಧಾನವಾಗಿ ಬ್ರೇಕ್ ಹಾಕಿದಾಗ ಒಂದು ಕ್ಷಣ ಕಾರು ಮುಂದಕ್ಕೆ ಜಾರಿದ ಹಾಗಾಗುತ್ತೆ ಅಂತ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2010ರ ಫೆಬ್ರವರಿಯಲ್ಲಿ ತನಿಖೆ ಆರಂಭಿಸಿದಾಗ ಅದರ ಮುಂದೆ 124 ದೂರುಗಳಿದ್ದವು. ನಾಲ್ಕರಲ್ಲಿ ಅಪಘಾತದ ಆರೋಪವೂ ಇತ್ತು.

ಆಗಿದ್ದು ಇಷ್ಟು. ಚಕ್ರ ಜಾರಿದರೆ ಎಬಿಎಸ್ ಎಚ್ಚರವಾಗುತ್ತೆ. ಎಬಿಎಸ್ ಬಂದ ತಕ್ಷಣ ರೀಜನರೇಟಿವ್ ಬ್ರೇಕ್ ಕೈಬಿಟ್ಟು ಎಲ್ಲವನ್ನೂ ಎಣ್ಣೆಯ ಬ್ರೇಕಿಗೆ ಒಪ್ಪಿಸುತ್ತೆ. ರಿಲೇ ಓಟದಲ್ಲಿ ಕೋಲು ಕೈಯಿಂದ ಕೈಗೆ ದಾಟಿಸ್ತಾರಲ್ಲ, ಹಾಗೆ. ಒಬ್ಬ ಬಿಟ್ಟಾಯ್ತು, ಇನ್ನೊಬ್ಬ ಪೂರ್ತಿ ಹಿಡಿದಿಲ್ಲ. ಆ ಸಂದಿನಲ್ಲಿ, ಕಾಲಿನ ಒತ್ತಡ ಅಷ್ಟೇ ಇದ್ದರೂ, ಹಿಡಿತ ಕಮ್ಮಿ.

ಕಂಪನಿ ಮೊದಲು ಹೇಳಿದ್ದು, ಇದು ಚಾಲಕರಿಗೆ ಆಗುವ ಅನುಭವದ ವಿಷಯ, ಇನ್ನೂ ಗಟ್ಟಿಯಾಗಿ ಒತ್ತಿದರೆ ಕಾರು ನಿಲ್ಲುತ್ತೆ ಅಂತ. ತಾಂತ್ರಿಕವಾಗಿ ಸರಿಯೇ ಇರಬಹುದು. ಆದರೆ ಲೆಕ್ಕ ಹಾಕಿ: 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೆ ಕಾರು 8 ಮೀಟರಿಗೂ ಹೆಚ್ಚು ಹೋಗುತ್ತೆ. ಮುಂದೆ ಶಾಲೆ ಮಗು ರಸ್ತೆ ದಾಟ್ತಾ ಇದ್ದರೆ ಅದು ಬರೀ "ಅನುಭವ" ಅಲ್ಲ. ಫೆಬ್ರವರಿ 9ರಂದು ಕಂಪನಿ ಜಗತ್ತಿನಾದ್ಯಂತ ಸುಮಾರು 4,37,000 ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಯಿತು. ರಿಪೇರಿಗೆ ಒಂದು ನಟ್ಟೂ ಬೇಕಾಗಲಿಲ್ಲ, ಎಬಿಎಸ್ ಸಾಫ್ಟ್‌ವೇರ್ ಬದಲಿಸಿದರು. ಜನವರಿಯಿಂದ ತಯಾರಾಗುತ್ತಿದ್ದ ಹೊಸ ಕಾರುಗಳಲ್ಲಿ ಆ ಬದಲಾವಣೆ ಆಗಲೇ ಮಾಡಿಯಾಗಿತ್ತು. ಹಳೆಯ ಗ್ರಾಹಕರಿಗೆ ಮಾತ್ರ ಹೇಳಿರಲಿಲ್ಲ. ನನಗೆ ಬೇಸರ ತರಿಸೋದು ತಪ್ಪಿಗಿಂತ ಈ ಮೌನ.

2013ರಲ್ಲಿ ಇನ್ನೊಂದು ಬಗೆಯ ತೊಂದರೆ. ಬ್ರೇಕಿನ ಒತ್ತಡ ಕೂಡಿಡುವ ಭಾಗದಲ್ಲಿ ನೈಟ್ರೋಜನ್ ಅನಿಲ ಇರುತ್ತೆ. ಅಲ್ಲಿ ಬಿರುಕು ಬಿಟ್ಟರೆ ಅನಿಲ ಎಣ್ಣೆಗೆ ಸೇರುತ್ತೆ, ಪೆಡಲ್ ಆಳಕ್ಕೆ ಇಳಿಯುತ್ತೆ. ಸುಮಾರು 2,42,000 ಕಾರುಗಳು ಗ್ಯಾರೇಜಿಗೆ ವಾಪಸ್ ಬಂದವು. ಅದೇ ವರ್ಷ ನಮ್ಮ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯ್ತು.

ಈಗ ವಾಪಸ್ ಘಾಟಿಗೆ ಬರೋಣ. ಖಂಡಾಲಾದಿಂದ ಖೋಪೋಲಿಗೆ ಇಳಿತ ಸುಮಾರು 500 ಮೀಟರ್. 1,500 ಕಿಲೋ ತೂಕದ ಕಾರು ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಮೂರನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 1.3 ಯೂನಿಟ್, ಅದರಲ್ಲೂ ಬಳಸೋದು ಸ್ವಲ್ಪ ಭಾಗ. ಗಾಳಿ, ಟೈರು ತಿಂದಷ್ಟು ತಿಂದರೂ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಬಹುದು. ಆಮೇಲೆ ಕರೆಂಟಿಗೆ ಜಾಗ ಇಲ್ಲ. ಅದಕ್ಕೇ ಕಾರು ಎಂಜಿನ್ ತಿರುಗಿಸಿ, ಪೆಟ್ರೋಲ್ ಸುಡದೆ, ಅದನ್ನೇ ಬ್ರೇಕಿನ ಹಾಗೆ ಬಳಸುತ್ತೆ. ನಮ್ಮನ್ನು ಹೆದರಿಸಿದ ಸದ್ದು ಅದೇ.

ಹಾಗಾಗಿ ನಾಲ್ಕು ಮಾತು ನೆನಪಿಡಿ. ಘಾಟ್ ಇಳಿಯುವ ಮುಂಚೆಯೇ ಬಿ ಮೋಡ್ ಇದ್ದರೆ ಹಾಕಿ, ವೇಗ ತಗ್ಗಿಸಿ. ಹಿಡಿತ ತಪ್ಪಿದ ಹಾಗನ್ನಿಸಿದರೆ ಕಾಲು ತೆಗೀಬೇಡಿ, ಇನ್ನೂ ಗಟ್ಟಿಯಾಗಿ, ಒಂದೇ ಸಮನೆ ಒತ್ತಿ. ಪ್ಯಾಡ್ ಸವೆದಿಲ್ಲ ಅಂತ ಬ್ರೇಕ್ ಎಣ್ಣೆ ಬದಲಿಸೋದನ್ನು ಮುಂದೂಡಬೇಡಿ. ನಿಮ್ಮ ಕಾರು ರಿಕಾಲ್‌ನಲ್ಲಿ ಇದೆಯಾ ಅಂತ ಡೀಲರನ್ನು ಕೇಳಿ, ಅವರಾಗೇ ಹೇಳ್ತಾರೆ ಅಂತ ಕಾಯಬೇಡಿ.

ನೂರು ವರ್ಷದ ಹಿಂದಿನ ಟ್ರಾಮ್ ಚಾಲಕನಿಗೂ ನನ್ನ ಸ್ನೇಹಿತರಿಗೂ ಬೇಕಾಗಿದ್ದದ್ದು ಒಂದೇ: ತನ್ನ ಗಾಡಿಯನ್ನು ಈಗ ಹಿಡಿದಿರೋದು ಯಾವ ಬ್ರೇಕು ಅನ್ನೋ ತಿಳುವಳಿಕೆ. ನಿಮ್ಮ ಘಾಟಿನ ಅನುಭವ ಬರೆದು ತಿಳಿಸಿ. ಮತ್ತೆ ಸಿಗೋಣ.